ನಾನೇ ಕೊಟ್ಟಿದ್ದು

ಭಾಗ್ಯಲಕ್ಷ್ಮಿಯ ಎದುರಿಗೆ ಅವಳ ತಮ್ಮನ ಬಗ್ಗೆ ಹಗುರವಾಗಿ ಮಾತಾಡಿದವರು ಇನ್ನೊಮ್ಮೆ ಹಾಗೆ ಮಾತಾಡುತ್ತಿರಲಿಲ್ಲ. ದೊಮ್ಮಲೂರಿನ ಹಳೇ ಊರಿನ ಬೀದಿಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ವಿಷಯ.

ತಮ್ಮ ದೀಪುವಿಗೆ ಮೂವತ್ತು ದಾಟಿತ್ತು. ತನ್ನ ಹೆಸರು ಬರೆಯುವುದು ಬಿಟ್ಟರೆ ಓದುಬರಹ ಹತ್ತಿರಲಿಲ್ಲ. ಇಪ್ಪತ್ತರ ಮೇಲೆ ಎಣಿಕೆ ತಪ್ಪುತ್ತಿತ್ತು. ಹೊಸ ಮಾತು ತಲೆಗೆ ಇಳಿಯಬೇಕಾದರೆ ಎರಡು ಮೂರು ಸಲ ಹೇಳಬೇಕು. ಇಳಿದ ಮೇಲೆ ಮಾತ್ರ ಮರೆಯುತ್ತಿರಲಿಲ್ಲ. "ನಮ್ಮ ದೀಪು ಸ್ವಲ್ಪ ನಿಧಾನ, ಅಷ್ಟೇ," ಅನ್ನುತ್ತಿದ್ದರು ಅವರಮ್ಮ ಆದಿಲಕ್ಷ್ಮಿ. ಆಕೆ ತೀರಿಕೊಂಡ ಮೇಲೆ ದೀಪು ತನ್ನ ಬಟ್ಟೆಯ ಚೀಲ ಹೊತ್ತು ಎರಡು ಬೀದಿ ಆಚೆಗಿದ್ದ ಅಕ್ಕನ ಮನೆಗೆ ಬಂದುಬಿಟ್ಟ. ಭಾವ ಅಂಜನಮೂರ್ತಿ ಹಲಸೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದವನು, ಮಾತು ಕಮ್ಮಿ. ನಡುಮನೆಯಲ್ಲಿದ್ದ ಹೊಲಿಗೆ ಮೆಷಿನ್ನನ್ನು ರೂಮಿಗೆ ಸಾಗಿಸಿ ಆ ಜಾಗದಲ್ಲೊಂದು ಮಂಚ ಹಾಕಿಸಿದ. ಮಕ್ಕಳಿಲ್ಲದ ಮನೆಗೆ ದೀಪುವಿನ ಸದ್ದು ಸೇರಿಕೊಂಡಿತು.

ಭಾಗ್ಯ ಸಿಎಂಎಚ್ ರೋಡಿನ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಮ್ಮೆ ತಮ್ಮನನ್ನು ಅಲ್ಲಿಗೇ ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋದಳು. ಪರೀಕ್ಷೆ ಮಾಡುವ ಡಾಕ್ಟರು ದೀಪುವನ್ನು ಕೂರಿಸಿಕೊಂಡು, ಅವಳ ಕಡೆ ತಿರುಗಿ, "ಇವರಿಗೆ ಕೆಳಗಿನ ಸಾಲು ಕಾಣುತ್ತಾ?" ಅಂದರು.

"ಅವನನ್ನೇ ಕೇಳಿ ಡಾಕ್ಟ್ರೇ. ಕಣ್ಣು ಅವನದು," ಅಂದಳು ಭಾಗ್ಯ.

ಬ್ಯಾಂಕಿನಲ್ಲಿ, ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಹೀಗೇ. "ಅವನಿಗೆ ಎಲ್ಲಾ ಅರ್ಥ ಆಗುತ್ತೆ. ನಿಮಗೆ ಹೇಳೋದಕ್ಕೆ ಬರಬೇಕು ಅಷ್ಟೇ" ಎಂದು ಅವಳು ಎಷ್ಟು ಜನರಿಗೆ ಹೇಳಿದ್ದಳೋ. ಕುಕ್ ಟೌನಿನಲ್ಲಿ ಇಂಥವರಿಗಾಗಿಯೇ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಘಟಕಕ್ಕೆ ಅವನನ್ನು ಸೇರಿಸಿದವಳೂ ಅವಳೇ. ಹಳೇ ಬಂಗಲೆಯೊಂದರ ಹಿಂದಿನ ಶೆಡ್ಡು. ಇಪ್ಪತ್ತು ಇಪ್ಪತ್ತೈದು ಜನ ಕೂತು ಕಾಗದದ ಚೀಲ ಮಾಡುತ್ತಿದ್ದರು. ಹಲಸೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುವುದನ್ನು ಭಾಗ್ಯ ರಜೆ ಹಾಕಿ ತಮ್ಮನಿಗೆ ಕಲಿಸಿದಳು. ಮೊದಲು ಪಕ್ಕದಲ್ಲಿ ಕೂತು, ಆಮೇಲೆ ಹಿಂದಿನ ಸೀಟಿನಲ್ಲಿ ಕೂತು, ಕೊನೆಗೆ ಹಿಂದಿನ ಬಸ್ಸಿನಲ್ಲಿ ಬಂದು. ಅವನು ಒಬ್ಬನೇ ಹೋಗಿ ಒಬ್ಬನೇ ವಾಪಸ್ ಬಂದ ದಿನ ಅಂಜನಮೂರ್ತಿ ಬೇಕರಿಯಿಂದ ಕೇಕು ತಂದಿದ್ದ.

ದೀಪುವಿನ ಕೆಲಸ ಚೀಲಕ್ಕೆ ತೂತು ಹೊಡೆದು ಹಿಡಿಕೆಯ ದಾರ ಪೋಣಿಸುವುದು. ಅವನಿಗೆ ಅಂಟು ಹಚ್ಚಿದ ಚೀಲ ದಾಟಿಸುತ್ತಿದ್ದವಳು ರೇವತಿ. ಇಪ್ಪತ್ತೆಂಟರ ಹುಡುಗಿ, ಗುಂಡು ಮುಖ, ಮಾತು ತೊದಲು. ಅವಳ ಅಪ್ಪ ಹಂಪಣ್ಣ ಸಿ.ವಿ. ರಾಮನ್ ನಗರದಲ್ಲಿ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್, ಅಮ್ಮ ಜಟ್ಟೆಮ್ಮ ಅದೇ ಅಪಾರ್ಟ್‌ಮೆಂಟಿನ ಮನೆಗಳಲ್ಲಿ ಕಸಮುಸುರೆ ಮಾಡುವವಳು. ಯಾದಗಿರಿ ಕಡೆಯಿಂದ ಬಂದವರು.

ಸಂಜೆ ಮನೆಗೆ ಬಂದ ದೀಪು ಚಪ್ಪಲಿ ಬಿಡುತ್ತಲೇ ಶುರು ಮಾಡುತ್ತಿದ್ದ. ಬಸ್ಸಿನಲ್ಲಿ ಯಾರು ಬೈದರು, ಊಟಕ್ಕೆ ಯಾರು ಏನು ತಂದಿದ್ದರು. ಒಂದು ದಿನ ಹೇಳಿದ, "ಅಕ್ಕಾ, ನಂಗೆ ರೇವತಿ ಅಂದ್ರೆ ಇಷ್ಟ. ಅವಳಿಗೂ ನಾನಂದ್ರೆ ಇಷ್ಟ. ಕೇಳ್ದೆ."

ಭಾಗ್ಯ ಹುಳಿಗೆ ಒಗ್ಗರಣೆ ಹಾಕುತ್ತಿದ್ದಳು. "ಒಳ್ಳೇದಾಯ್ತು ಬಿಡು, ಕೈ ತೊಳ್ಕೊ," ಅಂದಳು. ಆಮೇಲೆ ಅವನು ಭಾವನ ಪೌಡರು ಹಾಕಿಕೊಳ್ಳಲು ಶುರು ಮಾಡಿದ, ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ. ಅದೆಲ್ಲ ಅವಳ ಕಣ್ಣಿಗೆ ಬಿದ್ದಿತ್ತು. ಮಗುವಿನ ಆಟದ ಹಾಗೆ ಅಂದುಕೊಂಡು ಸುಮ್ಮನಿದ್ದಳು.

ಒಂದು ಮಧ್ಯಾಹ್ನ ಘಟಕದಿಂದ ಫ್ಲೋರಾ ಮೇಡಂ ಫೋನು ಮಾಡಿದರು. ಟ್ರಸ್ಟಿನ ಪರವಾಗಿ ಘಟಕ ನೋಡಿಕೊಳ್ಳುತ್ತಿದ್ದವರು ಅವರೇ. "ಸ್ವಲ್ಪ ಬರ್ತೀರಾಮ್ಮಾ? ದೀಪುಗೆ ಏನೂ ಆಗಿಲ್ಲ, ಗಾಬರಿ ಬೇಡ. ಆದ್ರೆ ಬನ್ನಿ."

ಆಟೋ ಹಿಡಿದು ಹೋದಳು. ನಡೆದದ್ದು ಇಷ್ಟು. ಯಾವುದೋ ಕಂಪನಿಯವರು ಚೀಲಗಳ ದೊಡ್ಡ ಆರ್ಡರು ಕೊಡಲು ಬಂದಿದ್ದರು. ಅವರಿಗೆ ಮಾಲು ತೋರಿಸಲು ಗೋಡೌನಿನ ಬಾಗಿಲು ತೆಗೆದಾಗ ಒಳಗೆ ದೀಪು ಮತ್ತು ರೇವತಿ ಒಬ್ಬರಿಗೊಬ್ಬರು ಮುತ್ತು ಕೊಡುತ್ತ ನಿಂತಿದ್ದರು. ಬಂದವರಲ್ಲಿ ಒಬ್ಬ ಗೊಳ್ಳೆಂದು ನಕ್ಕ. ಇನ್ನೊಬ್ಬ ಮೊಬೈಲು ಎತ್ತಿದ. ಚೀಲ ಮಾಡುವುದನ್ನು ಕಲಿಸುವ ಮುನೀರ್ ಮಧ್ಯೆ ಬಂದು ಬಾಗಿಲು ಮುಚ್ಚಿದ.

ಫ್ಲೋರಾ ಮೇಡಂ ಇದನ್ನು ಹೇಳುತ್ತಿದ್ದಾಗ ಆಫೀಸು ರೂಮಿನ ಗಾಜಿನಾಚೆ ಹುಡುಗರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಎದುರು ಬೆಂಚಿನಲ್ಲಿ ಹಂಪಣ್ಣ ವಾಚ್‌ಮನ್ ಯೂನಿಫಾರಮ್ಮಿನಲ್ಲೇ ಮಗಳ ಪಕ್ಕ ಕೂತಿದ್ದ. ಟೋಪಿ ತೊಡೆಯ ಮೇಲಿತ್ತು. ರೇವತಿ ದೀಪುವನ್ನು ನೋಡಿ ನಗುತ್ತಿದ್ದಳು; ದೀಪುವೂ ನಗುತ್ತಿದ್ದ. ಆ ನಗು ಕಂಡು ಭಾಗ್ಯಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಂಪನಿಯವನು ನಕ್ಕ ನಗು ಅವಳು ಕೇಳಿರಲಿಲ್ಲ, ಆದರೂ ಅದು ಕಿವಿಯಲ್ಲೇ ಇತ್ತು.

"ನೋಡಿಮ್ಮಾ," ಅಂದರು ಫ್ಲೋರಾ ಮೇಡಂ, "ಇಬ್ರೂ ದೊಡ್ಡೋರು. ಇಷ್ಟ ಪಡೋದು ತಪ್ಪು ಅಂತ ನಾನ್ ಹೇಳಲ್ಲ. ಜಾಗ ಮಾತ್ರ ಇದಲ್ಲ. ಆದ್ರೆ ಟ್ರಸ್ಟಿನೋರು ಕೇಳ್ತಾರೆ. ಒಬ್ರು ಇನ್ನೊಬ್ರಿಗೆ ಬಲವಂತ ಮಾಡಿದ್ರಾ ಅನ್ನೋದು ನಂಗೆ ಗೊತ್ತಾಗ್ಬೇಕು. ಹಾಗಿದ್ರೆ ಬಲವಂತ ಮಾಡಿದೋರಿಗೆ ಸ್ವಲ್ಪ ದಿನ ಮನೇಲಿರಿ ಅನ್ಬೇಕಾಗುತ್ತೆ."

ಯಾರೂ ಕೇಳುವ ಮೊದಲೇ ದೀಪು ಹೇಳಿದ, "ನಾನೇ ಕೊಟ್ಟಿದ್ದು. ಕೇಳ್ಬಿಟ್ಟು ಕೊಟ್ಟೆ. ರೇವತಿ ಹೂಂ ಅಂದ್ಲು."

ಮನೇಲಿರಿ ಅನ್ನುವ ಮಾತು ಭಾಗ್ಯಳ ತಲೆಯಲ್ಲಿ ಗಿರ್ರೆಂದಿತು. ಅಷ್ಟು ಕಷ್ಟಪಟ್ಟು ಕಲಿಸಿದ ಬಸ್ಸು, ಈ ಜಾಗ, ಅವನ ಸಂಜೆಯ ಮಾತುಗಳು, ಎಲ್ಲ ನಿಂತುಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ತನ್ನ ತಮ್ಮ ಗೋಡೌನಿನಲ್ಲಿ ಒಬ್ಬ ಹುಡುಗಿಯನ್ನು ಹಿಡಿದುಕೊಂಡಿದ್ದ ಅನ್ನುವ ಮಾತು ದೊಮ್ಮಲೂರಿಗೆ ತಲುಪಿದರೆ?

"ಮೇಡಂ, ಅವನ ಮಾತು ತಗೋಬೇಡಿ," ಅಂದಳು. "ಅವನಿಗೆ ಏನೂ ಅರ್ಥ ಆಗಲ್ಲ. ಯಾರು ಏನು ಹೇಳ್ಕೊಟ್ರೂ ಹಾಗೇ ಹೇಳ್ತಾನೆ. ಆ ಹುಡುಗೀನೇ ಇವನ ಹಿಂದೆ ಬಿದ್ದಿರೋದು. ಕೈ ಹಿಡ್ಕೊಂಡು ಬಿಡೋದೇ ಇಲ್ಲ, ನಂಗೆ ಹೆದರಿಕೆ ಆಗುತ್ತಕ್ಕಾ ಅಂತ ಮನೇಲಿ ಅಳ್ತಿದ್ದ."

ಅವನು ಎಂದೂ ಹಾಗೆ ಅತ್ತಿರಲಿಲ್ಲ.

ದೀಪು ಅಕ್ಕನ ಮುಖ ನೋಡಿದ. "ಅಕ್ಕಾ, ನಾನೇ..."

"ಸುಮ್ನಿರೋ. ನಿಂಗೆ ಗೊತ್ತಾಗಲ್ಲ."

ಹಂಪಣ್ಣ ಎದ್ದು ನಿಂತ. "ನಮ್ಮ ಹುಡುಗಿ ಹಂಗಲ್ರೀ ಮೇಡಮ್ಮೋರೆ," ಅಂದ. ಇನ್ನೂ ಏನೋ ಹೇಳಲು ಬಾಯಿ ತೆರೆದು, ಭಾಗ್ಯಳ ಇಸ್ತ್ರಿ ಮಾಡಿದ ಸೀರೆಯನ್ನೂ ಕುತ್ತಿಗೆಗೆ ನೇತುಹಾಕಿದ್ದ ಅಂಗಡಿಯ ಗುರುತಿನ ಕಾರ್ಡನ್ನೂ ನೋಡಿ ಸುಮ್ಮನಾದ. ರೇವತಿಗೆ ಎಷ್ಟು ಅರ್ಥವಾಯಿತೋ, ಅವಳ ನಗು ನಿಂತಿತ್ತು. "ಇಲ್ಲ," ಅಂದಳು. ಮತ್ತೆ ಏನೋ ಉದ್ದಕ್ಕೆ ಹೇಳಿದಳು. ತೊದಲಿನಲ್ಲಿ ಯಾರಿಗೂ ತಿಳಿಯಲಿಲ್ಲ. ರೇವತಿ ಕಂಡಕಂಡವರನ್ನು ತಬ್ಬಿಕೊಳ್ಳುತ್ತಾಳೆ ಎಂದು ಹಿಂದೊಮ್ಮೆ ಯಾರೋ ದೂರಿದ್ದೂ ಫ್ಲೋರಾ ಮೇಡಮ್ಮಿಗೆ ನೆನಪಿತ್ತು. ಟ್ರಸ್ಟಿನವರು ಸೇರಿ ಮಾತಾಡುವವರೆಗೆ ರೇವತಿ ಮನೆಯಲ್ಲಿರಲಿ ಎಂದು ಅವರು ಕೆಳದನಿಯಲ್ಲಿ ಹೇಳಿದರು. ಅಪ್ಪ ಮಗಳ ಕೈ ಹಿಡಿದು ಕರೆದುಕೊಂಡು ಹೋದ.

ವಾಪಸ್ ಬರುವಾಗ ಬಸ್ಸಿನಲ್ಲಿ ದೀಪು ಕಿಟಕಿ ಪಕ್ಕ ಕೂತಿದ್ದ. ಹಲಸೂರು ಕೆರೆ ದಾಟಿದ ಮೇಲೆ ಹೇಳಿದ, "ನಾನು ಸುಳ್ಳು ಹೇಳ್ಲಿಲ್ಲಕ್ಕಾ."

"ಗೊತ್ತು. ಸುಮ್ನಿರು ಈಗ."

"ಮತ್ತೆ ನೀನು?"

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಭಾಗ್ಯ ಪರ್ಸಿನಲ್ಲಿ ಏನನ್ನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದಳು.

ಮನೆಯಲ್ಲಿ ಅಂಜನಮೂರ್ತಿ ಕೇಳಿದಾಗ, "ಆ ಹುಡುಗಿ ಏನೋ ತೊಂದರೆ ಕೊಡ್ತಿತ್ತಂತೆ, ಕಳಿಸಿಬಿಟ್ರು" ಎಂದಷ್ಟೇ ಹೇಳಿದಳು. ದೀಪು ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂತ. ಅವತ್ತು ಏನೂ ಹೇಳಲಿಲ್ಲ. ಮಾರನೆಯ ದಿನವೂ ಇಲ್ಲ. "ಏನಾಯ್ತೋ ಇವತ್ತು?" ಅಂದರೆ "ಏನಿಲ್ಲ" ಅನ್ನುತ್ತಿದ್ದ. ಅವನಿಗೆ ಆ ಮಾತು ಬರುತ್ತದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿಗೆ ಫ್ರೇಮು ಹಾಕಿ ಕನ್ನಡಿ ಹಿಡಿಯುವಾಗ ತನ್ನ ಮುಖ ಅದರಲ್ಲಿ ಕಾಣದಂತೆ ಓರೆಯಾಗಿ ಹಿಡಿಯುತ್ತಿದ್ದಳು. ಅವನ ಒಳ್ಳೆಯದಕ್ಕೇ ಅಲ್ಲವೇ ಮಾಡಿದ್ದು ಎಂದು ಮನಸ್ಸಿಗೆ ಹೇಳಿಕೊಂಡಳು. ಹೇಳಿಕೊಂಡಷ್ಟೂ "ಸುಮ್ನಿರೋ, ನಿಂಗೆ ಗೊತ್ತಾಗಲ್ಲ" ಅಂದಾಗಿನ ತನ್ನದೇ ದನಿ ಕೇಳುತ್ತಿತ್ತು.

ಹೀಗೆ ಎರಡು ವಾರ ಕಳೆದಿರಬೇಕು. ಬೆಳಿಗ್ಗೆ ಅಂಗಡಿಯ ಶಟರು ಎತ್ತಿ ಕಸ ಗುಡಿಸುತ್ತಿದ್ದಾಗ ಮುನೀರ್ ಫೋನು ಮಾಡಿದ. "ಅಕ್ಕಾ, ದೀಪು ಹುಷಾರಿಲ್ವಾ? ಇನ್ನೂ ಬಂದಿಲ್ಲ."

ದೀಪು ಎಂದಿನ ಹೊತ್ತಿಗೇ ಮನೆ ಬಿಟ್ಟಿದ್ದ. ಭಾಗ್ಯಳ ಕೈಯಲ್ಲಿದ್ದ ಪೊರಕೆ ಹಾಗೇ ನಿಂತಿತು.

"ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ," ಅಂದ ಮುನೀರ್. "ರೇವತಿ ಮನೆಗೆ ಯಾವ ಬಸ್ಸು ಹೋಗುತ್ತೆ ಅಂತ ಮೊನ್ನೆ ನನ್ನ ಕೇಳ್ತಿದ್ದ. ಸಿ.ವಿ. ರಾಮನ್ ನಗರದ ನಾಗವಾರಪಾಳ್ಯದಲ್ಲಿ, ಅವರಪ್ಪ ಕೆಲಸ ಮಾಡೋ ದೊಡ್ಡ ಅಪಾರ್ಟ್‌ಮೆಂಟ್ ಹಿಂದೆ ಶೀಟಿನ ಮನೆಗಳಿದಾವೆ. ಪಿಕ್ನಿಕ್ ಹೋದಾಗ ವ್ಯಾನಲ್ಲಿ ಅವಳನ್ನ ಅಲ್ಲೇ ಇಳಿಸಿದ್ವಿ. ದೀಪು ನೋಡಿದಾನೆ."

ಭಾಗ್ಯ ಗಂಡನಿಗೆ ಫೋನು ಮಾಡಿದಳು. ಅಂಜನಮೂರ್ತಿ ಅಂಗಡಿಯನ್ನು ಪಕ್ಕದವರಿಗೆ ವಹಿಸಿ ಸ್ಕೂಟರು ತಂದ. ದಾರಿಯುದ್ದಕ್ಕೂ ಅವಳು ಫುಟ್‌ಪಾತುಗಳನ್ನು ನೋಡುತ್ತಲೇ ಇದ್ದಳು. ಸಿಗ್ನಲ್ಲಿನಲ್ಲಿ ಗುಂಪು ಕಂಡರೆ ಸ್ಕೂಟರು ನಿಧಾನ ಮಾಡಿಸುತ್ತಿದ್ದಳು. ಅವನು ಆ ಕಡೆಗೆ ಒಬ್ಬನೇ ಎಂದೂ ಹೋಗಿರಲಿಲ್ಲ.

ಅಪಾರ್ಟ್‌ಮೆಂಟಿನ ಕಾಂಪೌಂಡಿನ ಹಿಂದೆ ಕಿರಿದಾದ ಮಣ್ಣಿನ ದಾರಿ. ಒಂದಕ್ಕೊಂದು ಅಂಟಿಕೊಂಡ ಶೀಟಿನ ಕೋಣೆಗಳು, ನೀರಿನ ಡ್ರಮ್ಮುಗಳು, ಹಗ್ಗದ ಮೇಲೆ ಬಟ್ಟೆ. ಕೊನೆಯ ಕೋಣೆಯ ಕಿಟಕಿಯ ಹೊರಗೆ ಬೋರಲು ಹಾಕಿದ ಪೇಂಟಿನ ಡಬ್ಬದ ಮೇಲೆ ದೀಪು ಕೂತಿದ್ದ. ಅಂಗಿಯ ಗುಂಡಿ ಕುತ್ತಿಗೆಯವರೆಗೆ ಹಾಕಿತ್ತು. ಬೆಳಿಗ್ಗೆ ಭಾಗ್ಯ ಕಟ್ಟಿಕೊಟ್ಟಿದ್ದ ಟಿಫಿನ್ನು ತೊಡೆಯ ಮೇಲಿತ್ತು. ಚಪಾತಿ ಮುರಿದು ಕಿಟಕಿಯ ಸರಳಿನ ಸಂದಿಯಿಂದ ಒಳಗೆ ಕೊಡುತ್ತಿದ್ದ. ಒಳಗಿನಿಂದ ಒಂದು ಕೈ ಬಂದು ತೆಗೆದುಕೊಳ್ಳುತ್ತಿತ್ತು.

"ಎರಡು ಬಸ್ಸು ಗೊತ್ತಾ?" ಅನ್ನುತ್ತಿದ್ದ ಅವನು. "ಒಂದು ತಪ್ಪು ಬಸ್ಸು. ಇಳಿದುಬಿಟ್ಟೆ. ಆಮೇಲೆ ಸರಿ ಬಸ್ಸು."

ಒಳಗಿಂದ ರೇವತಿ ನಕ್ಕಳು. ಭಾಗ್ಯ ಹತ್ತಿರ ಬಂದದ್ದನ್ನು ಕಂಡೊಡನೆ ಆ ಗುಂಡು ಮುಖ ಕಿಟಕಿಯ ಕೆಳಗೆ ಮರೆಯಾಯಿತು.

ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು.

"ಯಾಕೆ ಬೀಗ ಹಾಕಿದಾರೆ?" ಅಂಜನಮೂರ್ತಿ ಕೇಳಿದ.

"ಮನೇಲಿ ಯಾರಿಲ್ಲ ಭಾವ. ಕೆಲಸಕ್ಕೆ ಹೋಗಿದಾರೆ," ಅಂದ ದೀಪು. "ರೇವತಿ ಕೆಲಸಕ್ಕೆ ಬರಂಗಿಲ್ವಲ್ಲ. ಅಕ್ಕ ಹೇಳಿದ್ಲಲ್ಲ, ಅದಕ್ಕೆ."

"ಅಕ್ಕ ಏನ್ ಹೇಳಿದ್ಲು?"

ದೀಪು ಅಕ್ಕನ ಕಡೆ ನೋಡಿದ. ಅವಳು ಹೇಳಲಿ ಅನ್ನುವ ಹಾಗೆ. ಅಂಜನಮೂರ್ತಿಯೂ ಅವಳನ್ನೇ ನೋಡಿದ. ಭಾಗ್ಯಳಿಗೆ ಆ ಇಬ್ಬರಲ್ಲಿ ಯಾರನ್ನೂ ನೋಡಲಾಗಲಿಲ್ಲ. ಆಫೀಸು ರೂಮಿನಲ್ಲಿ ಆಡಿದ್ದನ್ನು ಒಂದೊಂದೇ ಮಾತಾಗಿ, ನೆಲ ನೋಡುತ್ತ ಹೇಳಿದಳು. ಅಂಜನಮೂರ್ತಿ ಕೇಳಿಸಿಕೊಂಡು ಸ್ಕೂಟರಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತುಬಿಟ್ಟ. ಬೈದಿದ್ದರೆ ಸುಲಭವಾಗುತ್ತಿತ್ತು.

ಅಷ್ಟರಲ್ಲಿ ಜಟ್ಟೆಮ್ಮ ಬಂದಳು. ಎರಡು ಮನೆಗಳ ಕೆಲಸದ ನಡುವೆ ಮಗಳಿಗೆ ಅನ್ನ ಹಾಕಿ ಹೋಗಲು ಓಡಿ ಬಂದಿದ್ದಳು. ಸೊಂಟಕ್ಕೆ ಸಿಕ್ಕಿಸಿದ ಸೆರಗು ಒದ್ದೆಯಾಗಿತ್ತು. ದೀಪುವನ್ನು ನೋಡಿ, ಭಾಗ್ಯಳನ್ನು ನೋಡಿ, ಯಾರೆಂದು ಅವಳಿಗೆ ತಿಳಿಯಿತು.

"ನೀವೇ ಏನ್ರಿ ಅವನ ಅಕ್ಕ?"

"ಹೌದು. ಇವನು ಹೇಳದೆ ಬಂದುಬಿಟ್ಟ, ಅದಕ್ಕೆ ಹುಡುಕ್ಕೊಂಡು..."

"ನಿಮ್ಮ ತಮ್ಮ ಒಂದ್ ತಾಸು ಕಾಣ್ಲಿಲ್ಲಂದ್ರ ಗಂಡ ಹೆಂಡ್ತಿ ಗಾಡಿ ಹತ್ತಿ ಹುಡುಕ್ಕೋತ ಬಂದ್ರಿ," ಅಂದಳು ಜಟ್ಟೆಮ್ಮ. ಬೀಗ ತೆಗೆಯುತ್ತ ಅವಳ ದನಿ ಏರಿತು. "ನನ್ನ ಮಗಳು ಹಗಲೆಲ್ಲಾ ಈ ಗೂಡಿನ್ಯಾಗ ಕುಂತಾಳ. ಬಿಟ್ಟು ಹೋದ್ರ ರಸ್ತಾಕ್ಕ ಹೋಗ್ತಾಳ, ಲಾರಿ ಓಡಾಡ್ತಾವ. ಕರಕೊಂಡು ಹೋಗ್ತೀನಂದ್ರ ಕೆಲಸದ ಮನಿಯವ್ರು ಬ್ಯಾಡಂತಾರ. ಕೀಲಿ ಹಾಕಾಕ ನನಗೇನು ಖುಷಿ ಆಗ್ತದೇನ್ರಿ? ದಿನಾ ಬಾಗ್ಲಾ ಬಡಿತಾಳ. ಕೈ ನೋಡ್ರಿ ಅಕಿದು."

ಬಾಗಿಲು ತೆರೆಯಿತು. ರೇವತಿ ಅಮ್ಮನ ಹಿಂದೆ ಬಂದು ನಿಂತಳು. ತಲೆ ಬಾಚಿರಲಿಲ್ಲ. ಬಲಗೈಯ ಗೆಣ್ಣುಗಳು ಕೆಂಪಗೆ ಸುಲಿದಿದ್ದವು.

"ನಮ್ಮ ಹುಡುಗೀನೇ ಮೈಮ್ಯಾಲೆ ಬಿದ್ಲು ಅಂದ್ರಂತಲ್ಲ. ನೀವು ನೋಡಿದ್ರೇನು?"

"ಇಲ್ಲ," ಅಂದಳು ಭಾಗ್ಯ.

"ನೋಡಿಲ್ಲಂದ್ರ ಹೆಂಗ ಅಂದ್ರಿ?"

ಅಕ್ಕಪಕ್ಕದ ಕೋಣೆಗಳಿಂದ ಹೆಂಗಸರು ಹೊರಗೆ ಬಂದಿದ್ದರು. ಭಾಗ್ಯ "ನಾನು ಸರಿ ಮಾಡ್ತೀನಿ" ಅಂದಳು. ಎಷ್ಟು ಪೊಳ್ಳಾಗಿ ಕೇಳಿಸಿತೆಂದರೆ ಅವಳಿಗೇ ಅಸಹ್ಯವಾಯಿತು. ಜಟ್ಟೆಮ್ಮ ಮಗಳನ್ನು ಒಳಗೆ ಕರೆದುಕೊಂಡು ಬಾಗಿಲು ಎಳೆದುಕೊಂಡಳು.

ಮಾರನೆಯ ದಿನ ಭಾಗ್ಯ ದೀಪುವಿನ ಜೊತೆಯಲ್ಲೇ ಬಸ್ಸು ಹತ್ತಿ ಕುಕ್ ಟೌನಿಗೆ ಹೋದಳು. ಹಂಪಣ್ಣನನ್ನೂ ಕರೆಸಿ ಎಂದು ಫ್ಲೋರಾ ಮೇಡಮ್ಮಿಗೆ ಮೊದಲೇ ಫೋನು ಮಾಡಿದ್ದಳು. ಅವನು ಹಗಲು ಪಾಳಿಯ ಹಿಂದೆಯೇ ರಾತ್ರಿ ಪಾಳಿಯನ್ನೂ ಮುಗಿಸಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದಿದ್ದ. ಜಟ್ಟೆಮ್ಮ ಬಂದಿರಲಿಲ್ಲ. ಮುನೀರ್ ಬಾಗಿಲ ಹತ್ತಿರ ನಿಂತಿದ್ದ. ಹೊರಗೆ ಕರೆದು ಮೇಡಮ್ಮೊಬ್ಬರಿಗೇ ಹೇಳಿಬಿಡೋಣ ಎಂದು ಭಾಗ್ಯಳಿಗೆ ಕೊನೆಯ ಗಳಿಗೆಯವರೆಗೂ ಅನ್ನಿಸುತ್ತಿತ್ತು.

"ಅವತ್ತು ನಾನು ಹೇಳಿದ್ದು ಸುಳ್ಳು ಮೇಡಂ," ಅಂದಳು. "ದೀಪು ಮನೇಲಿ ಹೆದರಿಕೆ ಅಂತ ಅತ್ತಿಲ್ಲ. ಅವನು ಇಲ್ಲಿ ಹೇಳಿದ್ದೇ ನಿಜ. ಅವನಿಗೆ ಅರ್ಥ ಆಗುತ್ತೆ. ನಂಗೆ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಹೇಳ್ದೆ."

ಫ್ಲೋರಾ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ನಿಮ್ಮನ್ನ ನಂಬಿದ್ನಲ್ಲಮ್ಮಾ," ಅಂದರು. "ಇಲ್ಲಿ ಬರೋ ಎಲ್ಲಾ ಮನೆಯೋರಿಗೂ ನಿಮ್ಮನ್ನೇ ತೋರಿಸ್ತಿದ್ದೆ. ಅಕ್ಕ ಅಂದ್ರೆ ಹೀಗಿರ್ಬೇಕು ಅಂತ." "ನಂದೂ ತಪ್ಪಿದೆ. ಅವನು ಬಾಯಿಬಿಟ್ಟು ಹೇಳಿದ್ದ. ಕೇಳಿಸ್ಕೊಳ್ಳೋದು ಬಿಟ್ಟು ನಿಮ್ಮ ಮುಖ ನೋಡ್ದೆ."

ಹಂಪಣ್ಣ ದೀಪುವಿನ ಭುಜದ ಮೇಲೆ ಕೈಯಿಟ್ಟು, "ನಿನ್ನೆ ಚಪಾತಿ ಕೊಟ್ಟಿಯಂತಲ್ಲೋ," ಅಂದ.

"ಹೂಂ. ನಾಲ್ಕಿತ್ತು. ಅವಳಿಗೆ ಮೂರು," ಅಂದ ದೀಪು.

ಮುಂದಿನ ಸೋಮವಾರದಿಂದ ರೇವತಿ ಕೆಲಸಕ್ಕೆ ಬಂದಳು. ಟ್ರಸ್ಟಿನವರು ಒಂದಿಷ್ಟು ನಿಯಮ ಹೇಳಿದರು, ಗೋಡೌನಿಗೆ ಬೀಗ ಹಾಕಿಸಿದರು. ಬೆಳಿಗ್ಗೆ ಅವಳನ್ನು ತಾನೇ ಕರೆದುಕೊಂಡು ಹೋಗಿ ಬಿಡುತ್ತೇನೆಂದು ಭಾಗ್ಯ ಫೋನಿನಲ್ಲಿ ಹೇಳಿದಾಗ ಜಟ್ಟೆಮ್ಮ, "ಬ್ಯಾಡ್ರಿ, ನಮ್ಮ ಹುಡುಗೀನ ನಾವು ಬಿಡ್ತೀವಿ," ಎಂದು ಫೋನಿಟ್ಟಳು.

ಮದುವೆಯ ಮಾತು ತೆಗೆದವನು ದೀಪುವೇ. ಅದೂ ಅಕ್ಕನ ಹತ್ತಿರವಲ್ಲ, ಭಾವನ ಹತ್ತಿರ. ಅಂಜನಮೂರ್ತಿ ಕ್ಷೌರ ಮಾಡಿಕೊಳ್ಳುತ್ತಿದ್ದವನು ರೇಜರು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ. "ಆಗುತ್ತೋ ಇಲ್ವೋ ನಂಗೆ ಗೊತ್ತಿಲ್ಲ ಕಣೋ," ಅಂದ. "ಕೇಳೋದಕ್ಕೆ ಏನು. ದೊಡ್ಡೋರು ಹೋಗಿ ಕೂತು ಮಾತಾಡ್ಬೇಕು. ಭಾನುವಾರ ಹೋಗೋಣ." ಆಮೇಲೆ ಹೆಂಡತಿಯ ಕಡೆ ತಿರುಗಿ, "ನೀನೂ ಬಾ," ಅಂದ.

ಆ ಭಾನುವಾರ ಶೀಟಿನ ಕೋಣೆಯಲ್ಲಿ ಜಾಗ ಸಾಲದೆ ಗಂಡಸರು ಹೊಸ್ತಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತರು. ಬಾಡಿಗೆಮನೆ, ಡ್ಯೂಟಿ, ಊರಿನ ಮಾತು ನಡೆಯಿತು. ದೀಪು ರೇವತಿ ಇಬ್ಬರೂ ಮೂಲೆ ಅಂಗಡಿಗೆ ಹೋಗಿ ಬರುತ್ತೇವೆಂದು ಎದ್ದರು. ಭಾಗ್ಯ ತಟ್ಟನೆ ತಾನೂ ಎದ್ದಳು.

"ಕೂಡ್ರಿ," ಅಂದಳು ಜಟ್ಟೆಮ್ಮ. "ಇಲ್ಲೇ ಅದ ಅಂಗಡಿ. ಅವರಿಬ್ರಿಗೂ ಗೊತ್ತದ."

ಭಾಗ್ಯ ಕೂತಳು. ಜಟ್ಟೆಮ್ಮ ಸ್ಟೌವಿನ ಮೇಲೆ ಚಹಾಕ್ಕೆ ನೀರಿಟ್ಟು, ಅವಳ ಕಡೆ ತಿರುಗದೆಯೇ ಕೇಳಿದಳು, "ಒಂದು ಮಾತು ಕೇಳ್ತೀನಿ. ಯಾಕ ಹಂಗ ಅಂದ್ರಿ ಅವತ್ತು?"

"ನಾಚಿಕೆ ಆಯ್ತು. ಅದಕ್ಕೇ."

"ಯಾರ್ ಬಗ್ಗೆ?"

ನೀರು ಕುದಿಯತೊಡಗಿತು. ಕಂಪನಿಯವರ ಎದುರಿಗೆ ಎನ್ನಬಹುದಿತ್ತು, ಬೀದಿಯ ಜನರ ಎದುರಿಗೆ ಎನ್ನಬಹುದಿತ್ತು.

"ಅವನ ಬಗ್ಗೆ," ಅಂದಳು. ಆ ಮಾತನ್ನು ಅವಳು ಇದುವರೆಗೆ ತನ್ನೊಳಗೂ ಆಡಿಕೊಂಡಿರಲಿಲ್ಲ. ಡಾಕ್ಟರ ಮೇಲೆ, ಕಂಡಕ್ಟರ ಮೇಲೆ, ಮದುವೆಮನೆಯ ಹೆಂಗಸರ ಮೇಲೆ ಹರಿಹಾಯ್ದಾಗೆಲ್ಲ ಒಳಗೆ ಇದೂ ಇತ್ತೆಂದು ಈಗ ತಿಳಿಯುತ್ತಿತ್ತು. "ಚಿಕ್ಕವಳಿದ್ದಾಗಿಂದಲೂ ಆಗ್ತಿತ್ತು. ಅದು ಯಾರಿಗೂ ಗೊತ್ತಾಗದಿರ್ಲಿ ಅಂತ ಜಗಳ ಆಡ್ತಿದ್ದೆ ಅನ್ಸುತ್ತೆ."

ಜಟ್ಟೆಮ್ಮ ಸಕ್ಕರೆ ಹಾಕಿ ಕಲಕಿದಳು. "ನನಗೂ ಆಗ್ತದ್ರಿ. ಜಾತ್ರಿಗೆ, ಲಗ್ನಕ್ಕ ಒಮ್ಮೊಮ್ಮಿ ಮನ್ಯಾಗ ಬಿಟ್ಟು ಹೋಗೀನಿ. ಸುಳ್ಳ್ಯಾಕ ಹೇಳ್ಲಿ." ಚಹಾ ಸೋಸಿ ಲೋಟ ಮುಂದಿಟ್ಟಳು. "ಆದ್ರ ಅಕಿ ಬಾಯಿಬಿಟ್ಟು ಖರೇ ಹೇಳಿದಾಗ, ಅಕಿಗೇನೂ ತಿಳಿಯಂಗಿಲ್ಲಂತ ನಾ ಯಾರ ಮುಂದೂ ಅಂದಿಲ್ಲ."

ಭಾಗ್ಯ ಲೋಟ ಎತ್ತಿಕೊಳ್ಳಲಿಲ್ಲ. ಅದು ಬಿಸಿಯಾಗಿತ್ತು.

ಅಂಗಡಿಯಿಂದ ಇಬ್ಬರೂ ಜೋರಾಗಿ ವಾದ ಮಾಡುತ್ತ ಬಂದರು. ದೀಪುವಿಗೆ ಖಾರದ ಪೊಟ್ಟಣ ಬೇಕಾಗಿತ್ತಂತೆ, ರೇವತಿ ಬಿಸ್ಕತ್ತೇ ಆಗಬೇಕೆಂದು ತೆಗೆಸಿದ್ದಳು. ಒಳಗೆ ಬಂದು ಭಾಗ್ಯಳನ್ನು ಕಂಡವಳೇ ಮಾತು ನಿಲ್ಲಿಸಿ ಅಮ್ಮನ ಪಕ್ಕಕ್ಕೆ ಸರಿದಳು. ಆಗ ಭಾಗ್ಯಳಿಗೆ ಹೊಳೆಯಿತು: ಮೇಡಮ್ಮಿಗೆ ಹೇಳಿದ್ದಾಯಿತು, ಹಂಪಣ್ಣನಿಗೆ ಹೇಳಿದ್ದಾಯಿತು, ಈ ಹುಡುಗಿಗೆ ಮಾತ್ರ ಯಾರೂ ಏನೂ ಹೇಳಿಲ್ಲ.

"ರೇವತಿ," ಅಂದಳು. "ಅವತ್ತು ಆಫೀಸಲ್ಲಿ ನಾನು ನಿನ್ನ ಮೇಲೆ ಸುಳ್ಳು ಹೇಳ್ದೆ. ನೀನು ತಪ್ಪು ಮಾಡಿರಲಿಲ್ಲ. ನನ್ನಿಂದಾಗಿ ನಿನ್ನನ್ನ ಮನೇಲಿ ಕೂಡಿಹಾಕಿದ್ರು. ತಪ್ಪಾಯ್ತು."

ರೇವತಿ ಅವಳನ್ನು ನೆಟ್ಟಗೆ ನೋಡಿದಳು. ಈ ಸಲ ಅವಳ ಮಾತು ಎಲ್ಲರಿಗೂ ತಿಳಿಯಿತು. "ನೀ ಕೆಟ್ಟಾಕಿ."

"ಏ, ಹಂಗನಬಾರ್ದು," ಹೊರಗಿನಿಂದ ಹಂಪಣ್ಣ ಗದರಿದ.

"ಅನ್ಲಿ ಬಿಡಿ," ಅಂದಳು ಭಾಗ್ಯ.

ರೇವತಿ ಬಿಸ್ಕತ್ತಿನ ಪೊಟ್ಟಣ ಹರಿದಳು. ಅಪ್ಪನಿಗೆ ಒಂದು, ಅಂಜನಮೂರ್ತಿಗೆ ಒಂದು, ಅಮ್ಮನಿಗೆ ಒಂದು, ದೀಪುವಿಗೆ ಎರಡು. ಭಾಗ್ಯಳನ್ನು ದಾಟಿ ಹೋಗಿ ಮಂಚದ ಮೇಲೆ ಕೂತು ಉಳಿದದ್ದನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. ಜಟ್ಟೆಮ್ಮ ಅದನ್ನು ನೋಡಿ ತನ್ನ ಬಿಸ್ಕತ್ತನ್ನು ಚಹಾಕ್ಕೆ ಅದ್ದಿದಳು. ದೀಪು ಅವಳ ಪಕ್ಕದಲ್ಲಿ ಕೂತು ತನ್ನ ಎರಡೂ ಬಿಸ್ಕತ್ತನ್ನು ತಿಂದ. ಭಾಗ್ಯ ಆರಿದ ಚಹಾ ಕುಡಿದಳು. ಹೊರಗೆ ಹಂಪಣ್ಣ, ಹಬ್ಬ ಕಳೆಯಲಿ, ಊರಿನಿಂದ ನಮ್ಮಣ್ಣ ಬರುತ್ತಾನೆ, ಮದುವೆಯ ಬಗ್ಗೆ ಅವನನ್ನೂ ಒಂದು ಮಾತು ಕೇಳೋಣ ಎಂದು ಅಂಜನಮೂರ್ತಿಗೆ ಹೇಳುತ್ತಿದ್ದ.